ಶಾಲೆಯ ಹಿಂದಿನ ಪಾರೆ: ಮೇ ತಿಂಗಳಿಂದ ಇಲ್ಲಿವರೆಗೆ

ಮೇ, ಕೊನೆಯ ವಾರ
ಕಲ್ಲು ಬಂತು! 48 ಕೆಂಪುಕಲ್ಲು. ನಮ್ಮ ಶಾಲೆಯಲ್ಲೇ ಓದಿದವರೊಬ್ಬರು ಹಳೇ ಮನೆ ಬಿಚ್ಚುವಾಗ ತೆಗೆದಿಟ್ಟು ಕೊಟ್ಟದ್ದು. ಮಕ್ಕಳು ಹೊರಗೆ ಕೂತು ಪಾಠ ಕೇಳಲು ಮಾವಿನ ಮರದ ಬುಡದಲ್ಲಿ ಅರ್ಧ ಚಂದ್ರದ ಹಾಗೆ ಜೋಡಿಸಿದೆವು. ಕೂತು ನೋಡಿದರೆ ಬೆಳಗ್ಗಿನ ಬಿಸಿಲು ನೇರ ಮಕ್ಕಳ ಕಣ್ಣಿಗೆ. ಎಲ್ಲಾ ಎತ್ತಿ ತಿರುಗಿಸಿ ಇಟ್ಟೆವು. ಬಿಸಿಲು ಮಕ್ಕಳ ಬೆನ್ನಿಗೆ ಬೀಳಬೇಕು. ಪಾಠ ಮಾಡುವವರ ಮುಖಕ್ಕೆ ಬಿದ್ದರೆ ಪರವಾಗಿಲ್ಲ. ಹಿಂದಿನ ಸಾಲಿಗೂ ಗಂಟಲು ಹರಿಯದೆ ಮಾತು ಕೇಳಬೇಕು. ಹಾಗಾಗಿ ಎರಡೇ ಸಾಲು ಸಾಕು ಅಂತಾಯಿತು.

ಕಾಸರಗೋಡಿನ ಬದಿಯಡ್ಕದ ಕಡೆಯ ಗುಡ್ಡ ಗೊತ್ತಿದ್ದವರಿಗೆ ನಮ್ಮ ಜಾಗ ಹೇಗಿದೆ ಅಂತ ಹೇಳಬೇಕಾಗಿಲ್ಲ. ಊರಿನ ಹೆಸರಲ್ಲೇ ಅಡ್ಕ, ಪದವು, ಅಂದರೆ ಗುಡ್ಡದ ಮೇಲಿನ ಬಯಲು. ಶಾಲೆಯ ಹಿಂದೆ ಬರೀ ಪಾರೆ, ಅಂದರೆ ಮುರಕಲ್ಲಿನ (ಕೆಂಪುಕಲ್ಲಿನ) ಬಯಲು ಬಂಡೆ, ಅಂಚಿನಲ್ಲಿ ಒಂದಿಷ್ಟು ಕಾಡುಗಿಡ. ಪಾರೆಗೆ ನಾಲ್ಕು ಲೋಡು ಮಣ್ಣು ಹಾಕಿಸಿ ಹೂತೋಟ ಮಾಡುವುದು ಅಂತ ನಾನೇ ಯೋಜನೆ ಬರೆದಿದ್ದೆ.

ಜೂನ್
ಶಾಲೆ ಶುರು, ಮಳೆಯೂ ಶುರು. ಮಣ್ಣಿನ ಲಾರಿ ಏರು ಹತ್ತಲಾಗದೆ ಅರ್ಧದಿಂದ ವಾಪಸ್ ಹೋಯಿತು. ಮಳೆ ಮುಗಿದ ಮೇಲೆ ನೋಡುವ ಅಂತ ಬಿಟ್ಟೆವು.

ಪಾರೆಯ ಅಂಚು ಬಳಸಿ ಕಾಲುದಾರಿಗೆ ಗುರುತು ಹಾಕಿದೆವು. ಸುಮಾರು 180 ಹೆಜ್ಜೆ, ಏಳನೇ ಕ್ಲಾಸಿನ ಮಕ್ಕಳ ಹೆಜ್ಜೆಯಲ್ಲಿ. ಕೇಪಳ, ಕುಂಟಾಲ, ನೇರಳೆ, ಗೇರು, ಒಂದು ಹಾಲೆಮರ, ಎರಡು ಕಾಸರಕ. ನೆಡುವ ಕೆಲಸವೇ ಇಲ್ಲ, ಎಲ್ಲಾ ಮೊದಲೇ ಇದೆ.

ಜುಲೈ
ಪ್ಲೈವುಡ್‌ನ ಹೆಸರು ಫಲಕಗಳು ಮಳೆಗೆ ಉಬ್ಬಿ ಹೋದವು. ಬರೆದ ಅಕ್ಷರ ಅಕ್ಕಿರೊಟ್ಟಿಯ ಹಾಗೆ ಎದ್ದು ಬಂತು. ಈಗ ಹಳೇ ಮಂಗಳೂರು ಹಂಚಿನ ಮೇಲೆ ಎನಾಮಲ್ ಪೇಂಟಲ್ಲಿ ಬರೆಯುತ್ತಿದ್ದೇವೆ. ಮರಕ್ಕೆ ಮೊಳೆ ಹೊಡೆಯುವುದಿಲ್ಲ. ಬುಡದಲ್ಲಿ ಒಂದು ಕಲ್ಲಿಗೆ ಒರಗಿಸಿ ಇಡುತ್ತೇವೆ.

ಬರೆಯುವಾಗ ದೊಡ್ಡ ಚರ್ಚೆ. ಒಬ್ಬಳು ಹಾಲೆಮರ ಅಂದಳು. ಪಕ್ಕದವನು ಪಾಲೆ ಅಂದ, ಅವನ ಮನೆ ಮಾತು ತುಳು. ಇನ್ನೊಬ್ಬಳದ್ದು ಮಲಯಾಳ, ಅವಳಿಗೆ ಅದು ಏಳಿಲಂಪಾಲ. ಏಳೆಲೆಯ ಪಾಲೆ ಅಂತ ಅರ್ಥ. ಕೂಡಲೇ ಎಲ್ಲರೂ ಎಲೆ ಎಣಿಸಲು ಹೋದರು. ಒಂದು ಗಂಟಿನಲ್ಲಿ ಏಳು, ಇನ್ನೊಂದರಲ್ಲಿ ಆರು. ಅದೊಂದು ಹೆಸರೇ ಅವತ್ತಿನ ಪಾಠವಾಯಿತು. ಅಂದಿನಿಂದ ಪ್ರತಿ ಹಂಚಿನಲ್ಲೂ ಮಕ್ಕಳ ಮನೆಯ ಹೆಸರುಗಳೇ ಮೊದಲು, ವೈಜ್ಞಾನಿಕ ಹೆಸರು ಕೊನೆಗೆ.

ಆಟಿ ಅಮಾವಾಸ್ಯೆಯ ಹಿಂದಿನ ವಾರ
ಹಾಲೆ ಯಾವುದು, ಕಾಸರಕ ಯಾವುದು ಅಂತ ಗುರುತಿಸುವ ಪಾಠವನ್ನು ಈ ವಾರವೇ ಮಾಡಬೇಕಿತ್ತು. ತುಳುವರ ಆಟಿ ತಿಂಗಳ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಹೋಗಿ, ಕತ್ತಿ ತಾಗಿಸದೆ ಕಲ್ಲಲ್ಲಿ ಗುದ್ದಿ, ಕಷಾಯ ಕುಡಿಯಲು ಹಾಲೆಯ ಕೆತ್ತೆ (ತೊಗಟೆ) ತರುತ್ತಾರಲ್ವಾ. ಕತ್ತಲಲ್ಲಿ ಮರ ತಪ್ಪಿ ಕಾಸರಕದ ಕೆತ್ತೆ ತಂದರೆ ಜೀವಕ್ಕೇ ಅಪಾಯ. ಅದರಲ್ಲಿ ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ವಿಷಗಳಿವೆ.

ಎರಡೂ ಮರಗಳ ಹತ್ತಿರ ಮಕ್ಕಳನ್ನು ನಿಲ್ಲಿಸಿದೆ. ಹಾಲೆಯ ಎಲೆ ಗಂಟಿನ ಸುತ್ತ ಕೊಡೆಯ ಹಾಗೆ ಬಿಡಿಸಿಕೊಂಡಿರುತ್ತದೆ. ಎಲೆ ಕಿತ್ತರೆ ಬಿಳೀ ಹಾಲು. ಕಾಸರಕದ ಎಲೆ ಎದುರುಬದುರು ಜೋಡಿ, ಎಣ್ಣೆ ಸವರಿದ ಹಾಗೆ ಹೊಳಪು. ಬುಡದಿಂದಲೇ ಮೂರೋ ಐದೋ ನರ ಎದ್ದು ತುದಿಯ ಕಡೆ ಹೋಗುತ್ತದೆ. ಹಾಲು ಬರುವುದಿಲ್ಲ. ಮಕ್ಕಳು ಕಣ್ಣು ಮುಚ್ಚಿ ಬೆರಳಲ್ಲಿ ನರ ಹುಡುಕಿ ಹೇಳಿದರು. ಎಲ್ಲರದ್ದೂ ಸರಿ ಬಂತು. ಆಮೇಲೆ ಚೆನ್ನಾಗಿ ಕೈ ತೊಳೆಸಿದೆ.

ಕಾಸರಕ ಕಡಿದುಬಿಡಿ ಅಂತ ಇಬ್ಬರು ಹೆತ್ತವರು ಹೇಳಿದರು. ಅವರ ಭಯ ನನಗೂ ಅರ್ಥವಾಗುತ್ತದೆ. ಕಿತ್ತಳೆ ಬಣ್ಣದ ಹಣ್ಣು, ಒಳಗೆ ಅಂಗಿಯ ಗುಂಡಿಯ ಹಾಗೆ ಚಪ್ಪಟೆ ಬೀಜ. ಚಿಕ್ಕ ಮಕ್ಕಳ ಕೈ ಹೋಗುವಂಥದ್ದೇ. ಆದರೂ ಕಡಿಯುವುದು ಬೇಡ ಅಂತಲೇ ವಾದಿಸಿದೆ. ಮಕ್ಕಳ ಮನೆ ಹತ್ತಿರವೂ ಇದೇ ಮರ ಇದೆ. ಶಾಲೆಯಲ್ಲಿ ಗುರುತು ಸಿಕ್ಕರೆ ಅಲ್ಲಿಯೂ ಜಾಗ್ರತೆ. ಅಲ್ಲದೆ 2023ರಲ್ಲಿ ಜಿಲ್ಲಾ ಪಂಚಾಯತು ಇದನ್ನೇ ಕಾಸರಗೋಡಿನ ಜಿಲ್ಲಾ ಮರ ಅಂತ ಘೋಷಿಸಿದೆ. ಊರಿನ ಹೆಸರು ಬಂದದ್ದೇ ಈ ಮರದಿಂದ ಅನ್ನುವವರೂ ಇದ್ದಾರೆ. ಕೊನೆಗೆ ಸುತ್ತ ಕಲ್ಲು ಕಟ್ಟಿ, ಕೆಂಪು ಹಂಚು ಇಟ್ಟೆವು. ಬಿದ್ದ ಹಣ್ಣು ದಿನಾ ಬೆಳಗ್ಗೆ ದೊಡ್ಡವರೇ ಹೆಕ್ಕುವುದು ಅಂತ ನಿಯಮವಾಯಿತು.

ಸೆಪ್ಟೆಂಬರ್
ಪಾರೆಯೆಲ್ಲಾ ನೀಲಿ! ಬೆರಳುದ್ದದ ದಂಟು, ತುದಿಯಲ್ಲಿ ನೇರಳೆ ಮಿಶ್ರಿತ ನೀಲಿ ಹೂ, ಸಾವಿರಗಟ್ಟಲೆ. ಮಲಯಾಳ ಮಾತಾಡುವ ಮಕ್ಕಳು ಕಾಕ್ಕಪ್ಪೂವ್ ಅಂತ ಓಡಿದರು. ಓಣಂ ಪೂಕಳಕ್ಕೆ, ಅಂದರೆ ಹೂವಿನ ರಂಗೋಲಿಗೆ ಹಾಕುವ ಹೂ.

ಒಂದೇ ಒಂದು ಗಿಡ ಮೆಲ್ಲಗೆ ಎತ್ತಿ ನೀರಲ್ಲಿ ಅಲ್ಲಾಡಿಸಿ, ಬಿಳೀ ತಟ್ಟೆಯಲ್ಲಿ ಇಟ್ಟೆವು. ಭೂತಗನ್ನಡಿ ಹಿಡಿದರೆ ನೂಲಿನಂಥ ಎಳೆಗಳಲ್ಲಿ ಸಾಸಿವೆಗಿಂತ ಚಿಕ್ಕ ಚೀಲಗಳು. ಬಾಯಲ್ಲಿ ಕೂದಲು. ನೀರಿನ ಸಣ್ಣ ಹುಳ ಆ ಕೂದಲಿಗೆ ತಾಗಿದರೆ ಬಾಗಿಲು ಒಳಕ್ಕೆ ತೆರೆದು ಚೀಲ ನೀರಿನ ಜೊತೆ ಹುಳವನ್ನೂ ಎಳೆದುಕೊಳ್ಳುತ್ತದೆ, ಕಣ್ಣು ಮಿಟುಕಿಸುವುದಕ್ಕಿಂತ ಬೇಗ. ಪಾರೆಯ ತೆಳ್ಳಗಿನ ಮಣ್ಣಲ್ಲಿ ಸಾರ ಇಲ್ಲ. ಅದಕ್ಕೇ ಈ ಬೇಟೆ. ಮಣ್ಣು ತುಂಬಿದ್ದರೆ ಈ ಗಿಡ ಇಲ್ಲಿ ಇರುತ್ತಲೇ ಇರಲಿಲ್ಲ.

ನಾಲ್ಕು ಲೋಡು ಮಣ್ಣು! ಆ ಲಾರಿ ಹತ್ತಿದ್ದರೆ ಅಂತ ನೆನೆಸಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಹೂತೋಟದ ಹಾಳೆ ಹರಿದು ಹಾಕಿದೆ. ಪಾರೆಯ ಮೇಲೆ ಕಾಲಿಡದ ಹಾಗೆ ದಾರಿಯನ್ನು ಎರಡು ಮಾರು ಆಚೆಗೆ ಸರಿಸಿದೆವು.

ಜನವರಿ
ಹೂ ಹೋಗಿ ತಿಂಗಳುಗಳಾದವು. ಪಾರೆ ಒಣಗಿ ಕಪ್ಪಾಗಿದೆ. ನೋಡಲು ಬಂದವರು "ಇಲ್ಲಿ ಸುಮ್ನೆ ಜಾಗ ಖಾಲಿ ಬಿದ್ದಿದೆಯಲ್ಲ, ಇಂಟರ್‌ಲಾಕ್ ಹಾಕಿಸಿ" ಅಂದರು. ಏಳನೇ ಕ್ಲಾಸಿನವಳೊಬ್ಬಳು ಅವರನ್ನು ಪಾರೆಯ ಅಂಚಿಗೆ ಕರೆದುಕೊಂಡು ಹೋಗಿ, ಸೆಪ್ಟೆಂಬರಿನಲ್ಲಿ ತಾನು ಬರೆದ ಚಿತ್ರ ತೋರಿಸಿದಳು. ಬೀಜ ಇದರ ಒಳಗೇ ಮಲಗಿದೆ ಅಂದಳು.

ಆ ಚಿತ್ರವನ್ನೇ ಹಂಚಿನ ಮೇಲೆ ಬರೆಸಬೇಕು. ನೀಲಿ ಪೇಂಟು ಮುಗಿದಿದೆ. ಶನಿವಾರ ಪೇಟೆಗೆ ಹೋಗಿ ತರಬೇಕು.