“ನನ್ನ ಬೆರಳಲ್ಲಿ ಜೀವ ಇಲ್ವೇನೋ”

ಮೊಮ್ಮಗನ ವೀಡಿಯೊ ಕಾಲ್ ಬರುತ್ತಲೇ ಇತ್ತು, ಅಜ್ಜಿ ಹಸಿರು ಗುಂಡಿ ಒತ್ತುತ್ತಲೇ ಇದ್ದರು. ರಿಂಗ್ ನಿಂತುಹೋಯಿತು. ಪಕ್ಕದಲ್ಲಿದ್ದ ಮಗ ಫೋನ್ ಕಸಿದುಕೊಂಡು, “ಬಿಡಮ್ಮ, ನಿಂಗೆ ಗೊತ್ತಾಗಲ್ಲ” ಎಂದ. ಕೆಟ್ಟವನಲ್ಲ, ಅವಸರದ ಮನುಷ್ಯ. ಅಜ್ಜಿ ಕೈಯನ್ನು ಮಡಿಲಿಗೆ ಎಳೆದುಕೊಂಡು, “ನನ್ನ ಬೆರಳಲ್ಲಿ ಜೀವ ಇಲ್ವೇನೋ” ಎಂದರು. ಆ ಕೈ ಹಿಂದೆ ಸರಿದದ್ದು ಮೂರು ದಿನವಾದರೂ ಕಣ್ಣಿಂದ ಹೋಗಿಲ್ಲ.

ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಪರದೆ ಲಾಕ್ ಆಗಿದ್ದಾಗ ವಾಟ್ಸ್‌ಆ್ಯಪ್ ಕಾಲ್ ಬಂದರೆ ಗುಂಡಿಯನ್ನು ಮೇಲಕ್ಕೆ ಸರಿಸಬೇಕು, ಒತ್ತಿದರೆ ಆಗದು. ಫೋನ್ ಬಳಸುತ್ತಿದ್ದಾಗ ಬಂದರೆ ಮೇಲ್ಗಡೆ ಒಂದು ಪಟ್ಟಿ ಇಳಿಯುತ್ತದೆ, ಅಲ್ಲಿ ಒತ್ತಿದರೆ ಸಾಕು. ಒಂದೇ ಕೆಲಸಕ್ಕೆ ಎರಡು ರೀತಿ. ಅಜ್ಜಿಗೆ ಯಾರೋ ಒಂದನ್ನಷ್ಟೇ ಹೇಳಿಕೊಟ್ಟಿದ್ದರು.

ಬೆರಳಿನ ಮಾತಿನಲ್ಲೂ ಸ್ವಲ್ಪ ನಿಜವಿದೆ. ಈ ಪರದೆಗಳು ಒತ್ತಡವನ್ನು ಅಳೆಯುವುದಿಲ್ಲ, ಚರ್ಮ ತಾಕಿದಾಗ ಆಗುವ ವಿದ್ಯುತ್ ಬದಲಾವಣೆಯನ್ನು ಗುರುತಿಸುತ್ತವೆ. ವಯಸ್ಸಾದಂತೆ ಚರ್ಮ ಒಣಗುತ್ತದೆ, ಸಂಕೇತ ದುರ್ಬಲವಾಗುತ್ತದೆ. ಗಟ್ಟಿಯಾಗಿ ಒತ್ತಿ ಪ್ರಯೋಜನವಿಲ್ಲ. ಬೆರಳ ತುದಿಯನ್ನು ಒದ್ದೆ ಬಟ್ಟೆಗೆ ತಾಗಿಸಿಕೊಳ್ಳಬೇಕು, ದಪ್ಪ ಸ್ಕ್ರೀನ್ ಗಾರ್ಡ್ ಇದ್ದರೆ ತೆಗೆಯಬೇಕು. ಬೆರಳು ಒಂದೇ ಕಡೆ ನಿಂತುಬಿಟ್ಟರೆ ಫೋನ್ ಅದನ್ನು ‘ಒತ್ತಿ ಹಿಡಿದದ್ದು’ ಎಂದುಕೊಂಡು ಬೇರೇನೋ ತೆರೆಯುತ್ತದೆ. ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿಯಲ್ಲಿ ‘ಟಚ್ ಆ್ಯಂಡ್ ಹೋಲ್ಡ್ ಡಿಲೇ’ಯನ್ನು ‘ಲಾಂಗ್’ ಮಾಡಿಟ್ಟರೆ ಈ ಕಾಟ ಬಹಳ ಕಡಿಮೆ.

ಅಕ್ಷರ ದೊಡ್ಡದು ಮಾಡುವುದು ಎಲ್ಲರಿಗೂ ಗೊತ್ತು. ರಿಂಗ್‌ಟೋನ್ ಬಗ್ಗೆ ಯಾರೂ ಯೋಚಿಸುವುದಿಲ್ಲ. ವಯಸ್ಸಿನಲ್ಲಿ ಮೊದಲು ಮಂದವಾಗುವುದು ಕೀಚಲು ಸದ್ದು ಕೇಳುವ ಶಕ್ತಿ. ತಗ್ಗಿದ ದನಿಯ ರಿಂಗ್‌ಟೋನ್ ಹಾಕಬೇಕು. ವಾಟ್ಸ್‌ಆ್ಯಪ್‌ನಲ್ಲಿ ಮೊಮ್ಮಗನ ಚಾಟ್ ತೆರೆದು, ಮೆನುವಿನಿಂದ ‘ಆ್ಯಡ್ ಶಾರ್ಟ್‌ಕಟ್’ ಕೊಟ್ಟರೆ ಅವನ ಫೋಟೊ ನೇರವಾಗಿ ಹೋಮ್ ಸ್ಕ್ರೀನಿಗೆ ಬರುತ್ತದೆ. ಹೆಸರು ಹುಡುಕುವ ಕೆಲಸವೇ ಇಲ್ಲ.

ಆದರೆ ಹೇಳಿಕೊಡುವವರು ಫೋನ್ ಮುಟ್ಟದೆ ಕೈ ಕಟ್ಟಿ ಕೂರದಿದ್ದರೆ ಇದೆಲ್ಲ ವ್ಯರ್ಥ. ಫೋನ್ ಕಸಿದು ನಾವೇ ಮಾಡಿಕೊಟ್ಟರೆ ಅವರು ಕಲಿಯುವುದು ‘ಇದು ನನ್ನಿಂದಾಗದು’ ಎಂಬುದೊಂದನ್ನೇ. ಎಷ್ಟೋ ಮನೆಗಳಲ್ಲಿ ಹಿರಿಯರು ಒಂಟಿಯಾಗುವುದು ಫೋನ್ ಇಲ್ಲದೆ ಅಲ್ಲ, ಕೇಳಿದರೆ ಬೈದಾರು ಎಂಬ ಅಂಜಿಕೆಗೆ.

ಮರುದಿನ ಮಗನನ್ನು ಪಕ್ಕದ ಕೋಣೆಗೆ ಕಳಿಸಿ, ಅಲ್ಲಿಂದಲೇ ಮತ್ತೆ ಮತ್ತೆ ಕಾಲ್ ಮಾಡಿಸಲಾಯಿತು. ಪ್ರತಿ ಸಲ ಲಾಕ್ ಮಾಡಿದ ಫೋನಿಗೆ. ಮೂರು ಸಲ ತಪ್ಪಿತು. ನಾಲ್ಕನೆಯದಕ್ಕೆ ಬೆರಳು ಮೇಲಕ್ಕೆ ಸರಿಯಿತು, ಮಗನ ಮುಖ ಮೂಡಿತು. “ಓ, ನೀನೇನೋ! ಊಟ ಆಯ್ತಾ?” ಎಂದರು ಅಜ್ಜಿ. ಗೋಡೆಯ ಆಚೀಚೆ ಕೂತು ಇಬ್ಬರೂ ಹತ್ತು ನಿಮಿಷ ಮಾತಾಡಿದರು.