ಅರ್ಧ ಗಂಟೆ ತಡವಾಗಿ ಬೀಸಿದ ಕೈ

ವೆಬ್‌ಕ್ಯಾಮಿನ ಚಿತ್ರವನ್ನು ಬ್ರೌಸರಿನಿಂದ ರ‍್ಯಾಬಿಟ್‌ಎಂಕ್ಯೂಗೆ (ಸಂದೇಶಗಳನ್ನು ಸಾಲಿನಲ್ಲಿ, ಅಂದರೆ ಕ್ಯೂನಲ್ಲಿ, ಇಟ್ಟು ದಾಟಿಸುವ ಬ್ರೋಕರ್ ತಂತ್ರಾಂಶಕ್ಕೆ) ಕಳಿಸುವುದು ಬೆಳಿಗ್ಗೆ ಕೂತರೆ ಊಟದ ಹೊತ್ತಿಗೆ ಮುಗಿಯುವ ಕೆಲಸ ಅನ್ನಿಸುತ್ತದೆ. ಲ್ಯಾಪ್‌ಟಾಪಿನ ಲೋಕಲ್‌ಹೋಸ್ಟಿನಲ್ಲಿ (ಅದೇ ಯಂತ್ರದೊಳಗಿನ ವಿಳಾಸದಲ್ಲಿ) ಮುಗಿಯುತ್ತದೆ ಕೂಡ. ಆ ದಿನದ ಜೋಡಣೆಯಲ್ಲಿ ಇದ್ದದ್ದು ಮೂರೇ: ಒಂದು ವೆಬ್ ಪುಟ, ಡಾಕರಿನಲ್ಲಿ (ಪ್ರೋಗ್ರಾಮನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿ ಓಡಿಸುವ ಸಾಧನದಲ್ಲಿ) ಓಡುವ ರ‍್ಯಾಬಿಟ್‌ಎಂಕ್ಯೂ, ಆಚೆ ಬದಿಗೆ ಚಿತ್ರದಲ್ಲಿ ಮುಖ ಹುಡುಕುವ ಒಂದು ಪೈಥಾನ್ ಪ್ರೋಗ್ರಾಮು. ಕ್ಯಾಮೆರಾ ಎದುರು ಕೈ ಬೀಸಿದರೆ ಆ ಕೈ ಸರ್ವರಿನ ಪರದೆಯಲ್ಲಿ ಯಾವಾಗ ಕಾಣುತ್ತದೆ ಎನ್ನುವುದೇ ಪರೀಕ್ಷೆ.

ಕ್ಯಾಮೆರಾದ ಭಾಗ ಬೇಗ ಆಗುತ್ತದೆ. ಗೆಟ್‌ಯೂಸರ್‌ಮೀಡಿಯಾ ಕರೆದು, ಬಂದ ಸ್ಟ್ರೀಮನ್ನು ವಿಡಿಯೊ ಟ್ಯಾಗಿಗೆ ಕಟ್ಟಿ, ಅಲ್ಲಿಂದ ಕ್ಯಾನ್ವಾಸಿಗೆ (ಪುಟದಲ್ಲಿ ಚಿತ್ರ ಬಿಡಿಸುವ ಜಾಗಕ್ಕೆ) ಡ್ರಾಇಮೇಜ್ ಮಾಡಿ, ಟುಬ್ಲಾಬ್‌ನಿಂದ 0.7 ಗುಣಮಟ್ಟದ ಜೆಪೆಗ್ ತೆಗೆದರಾಯಿತು. ಲೋಡೆಡ್‌ಮೆಟಾಡೇಟಾ ಈವೆಂಟು ಬರುವ ಮೊದಲೇ ಆತುರಪಟ್ಟರೆ ವಿಡಿಯೊದ ಅಗಲ ಸೊನ್ನೆ, ಅದನ್ನು ನಂಬಿದ ಕ್ಯಾನ್ವಾಸಿನ ಅಗಲವೂ ಸೊನ್ನೆ, ಟುಬ್ಲಾಬ್ ಕೈಗೆ ಕೊಡುವುದು ನಲ್. ಮೊದಲ ಕೆಲವು ಫ್ರೇಮುಗಳು ಕಪ್ಪಗೆ ಬರುತ್ತವೆ. ಕ್ಯಾಮೆರಾ ಇನ್ನೂ ಬೆಳಕಿಗೆ ಹೊಂದಿಕೊಳ್ಳುತ್ತಿರುತ್ತದೆ, ಒಂದು ಸೆಕೆಂಡು ಬಿಟ್ಟು ಶುರು ಮಾಡಿದರೆ ಸರಿ. ಐಫೋನಿಗೆ ವಿಡಿಯೊ ಟ್ಯಾಗಿನಲ್ಲಿ ಪ್ಲೇಸ್‌ಇನ್‌ಲೈನ್ ಬೇಕು. ವಿಂಡೋಸಿನಲ್ಲಿ ನಾಟ್‌ರೀಡಬಲ್‌ಎರರ್ ಬಂದರೆ ಕೋಡನ್ನು ತಿದ್ದುತ್ತಾ ಕೂರಬೇಡಿ, ಬೇರೆ ಯಾವುದೋ ಮೀಟಿಂಗ್ ಆ್ಯಪು ಕ್ಯಾಮೆರಾ ಹಿಡಿದುಕೊಂಡಿದೆಯೇ ನೋಡಿ.

ಮೊದಲ ಪೆಟ್ಟು ಬೀಳುವುದು ಅದೇ ಪುಟವನ್ನು ಫೋನಿನಲ್ಲಿ ತೆರೆದಾಗ. ಲ್ಯಾಪ್‌ಟಾಪಿನ ಐಪಿ ವಿಳಾಸ ಹಾಕಿ ಎಚ್‌ಟಿಟಿಪಿಯಲ್ಲಿ ತೆರೆದರೆ ಅನುಮತಿ ಕೇಳುವ ಪೆಟ್ಟಿಗೆಯೇ ಬರುವುದಿಲ್ಲ. ಮೀಡಿಯಾಡಿವೈಸಸ್ ಎಂಬ ವಸ್ತುವೇ ಅನ್‌ಡಿಫೈನ್ಡ್. ಕ್ಯಾಮೆರಾ ಸಿಗುವುದು ಎಚ್‌ಟಿಟಿಪಿಎಸ್ ಅಥವಾ ಲೋಕಲ್‌ಹೋಸ್ಟಿಗೆ ಮಾತ್ರ. ಪುಟವನ್ನು ಎಚ್‌ಟಿಟಿಪಿಎಸ್ ಮಾಡಿದಿರೋ, ಬ್ರೋಕರಿನೊಡನೆ ಮಾತಾಡುವ ವೆಬ್‌ಸಾಕೆಟ್ಟೂ ಅದರ ಸುರಕ್ಷಿತ ರೂಪವಾದ ಡಬ್ಲ್ಯೂಎಸ್‌ಎಸ್ ಆಗಲೇಬೇಕು. ಸ್ವಂತವಾಗಿ ಸಹಿ ಹಾಕಿದ ಸರ್ಟಿಫಿಕೇಟಾದರೆ ಸಾಕೆಟ್ ಎಚ್ಚರಿಕೆಯನ್ನೂ ತೋರಿಸದೆ ಸುಮ್ಮನೆ ಮುರಿಯುತ್ತದೆ. ಪರೀಕ್ಷೆಯ ಮಟ್ಟಿಗೆ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿಗೆ ಸಿಕ್ಕಿಸಿ, ಆಂಡ್ರಾಯ್ಡಿನ ಆಜ್ಞೆಯಾದ ಎಡಿಬಿ ರಿವರ್ಸ್‌ನಿಂದ ಪುಟದ ಪೋರ್ಟನ್ನೂ 15674 ಅನ್ನೂ ಲ್ಯಾಪ್‌ಟಾಪಿನತ್ತ ತಿರುಗಿಸುವುದೇ ಸುಲಭ. ಆಗ ಫೋನಿಗೂ ಅದು ಲೋಕಲ್‌ಹೋಸ್ಟೇ. 15674 ರ‍್ಯಾಬಿಟ್‌ಎಂಕ್ಯೂನ ವೆಬ್ ಸ್ಟಾಂಪ್ ಪ್ಲಗಿನ್ನಿನ (ವೆಬ್‌ಸಾಕೆಟ್ ಮೇಲೆ ಸ್ಟಾಂಪ್ ಎಂಬ ಸರಳ ಸಂದೇಶ ಭಾಷೆ ಆಡುವ) ಪೋರ್ಟು. ಬ್ರೌಸರಿಗೆ 5672ರ ಎಎಂಕ್ಯೂಪಿ, ಅಂದರೆ ಬ್ರೋಕರಿನ ಮೂಲ ಭಾಷೆ, ಮಾತಾಡಲು ಬಾರದು, ಅದಕ್ಕೆ ಈ ಬಾಗಿಲು. ಪುಟದೊಳಗಿನ ಪಾಸ್‌ವರ್ಡು ಎಲ್ಲರಿಗೂ ಕಾಣುತ್ತದೆ. ಆದ್ದರಿಂದ ಬರೆಯುವ ಹಕ್ಕು ಮಾತ್ರ ಇರುವ, ಅದೂ ಸಂದೇಶಗಳನ್ನು ಕ್ಯೂಗೆ ಹಂಚುವ ಒಂದೇ ಎಕ್ಸ್‌ಚೇಂಜಿಗೆ, ಬೇರೆ ಬಳಕೆದಾರನನ್ನು ಮಾಡಿಟ್ಟಿರಬೇಕು.

ಚಿತ್ರವನ್ನು ಯಾವ ರೂಪದಲ್ಲಿ ಕಳಿಸುವುದು? ಹೆಚ್ಚಿನವರು ಟುಡೇಟಾಯುಆರ್‌ಎಲ್ ಹಿಡಿಯುತ್ತಾರೆ, ಸ್ಟ್ರಿಂಗ್ ಸಿಗುತ್ತದೆ ಎಂಬ ಆಸೆಗೆ. ಅದು ಬೇಸ್64, ಅಂದರೆ ಬೈಟುಗಳನ್ನು ಅಕ್ಷರಗಳಾಗಿ ಬರೆದದ್ದು; ಮೂರು ಬೈಟು ನಾಲ್ಕಾಗುತ್ತದೆ. 640×480ರ 50 ಕೆಬಿ ಚಿತ್ರ 67 ಕೆಬಿ ಆಗಿ ಕೂರುತ್ತದೆ. ಮಧ್ಯೆ ಸ್ಪ್ರಿಂಗ್ (ಜಾವಾದ ಚೌಕಟ್ಟು) ಸರ್ವರಿದ್ದರೆ ಅದರ ಸ್ಟಾಂಪ್ ಸಂದೇಶದ ಡೀಫಾಲ್ಟ್ ಮಿತಿ 64 ಕೆಬಿ. ಖಾಲಿ ಗೋಡೆ ತೋರಿಸಿದಾಗ ಹೋಗುವ ಚಿತ್ರ, ಪುಸ್ತಕದ ಕಪಾಟು ತೋರಿಸಿದಾಗ ಹೋಗದೆ ಸಂಪರ್ಕ ಕಡಿದುಕೊಳ್ಳುವುದು ಹೀಗೆ. ವಿವರ ಹೆಚ್ಚಿದಷ್ಟೂ ಜೆಪೆಗ್ ಉಬ್ಬುತ್ತದೆ. ಸ್ಟ್ರಿಂಗಿನ ಆರಂಭದ 23 ಅಕ್ಷರಗಳ 'ಡೇಟಾ, ಇಮೇಜ್, ಜೆಪೆಗ್' ಗುರುತನ್ನು ಕತ್ತರಿಸದೆ ಆಚೆ ಬದಿಗೆ ಡೀಕೋಡ್ ಮಾಡಿ ತಲೆ ಕೆರೆದುಕೊಳ್ಳುವುದು ಇದ್ದದ್ದೇ.

ನನ್ನ ಮಟ್ಟಿಗೆ ಬೈನರಿಯೇ ಸರಿ. ಬ್ಲಾಬನ್ನು (ಟುಬ್ಲಾಬ್ ಕೊಟ್ಟ ಬೈಟುಗಳ ಕಟ್ಟನ್ನು) ಅರೇಬಫರ್ ಮಾಡಿ, ಅದನ್ನು ಯುಇಂಟ್8ಅರೇಯಲ್ಲಿ ಸುತ್ತಿ, ಬ್ರೌಸರಿನ ಸ್ಟಾಂಪ್ ಲೈಬ್ರರಿಯಾದ ಸ್ಟಾಂಪ್‌ಜೆಎಸ್‌ನ ಪಬ್ಲಿಷ್‌ಗೆ ಬಾಡಿ ಬದಲು ಬೈನರಿಬಾಡಿಯಾಗಿ ಕೊಡಬೇಕು. ವೆಬ್ ಸ್ಟಾಂಪ್ ತಾನಾಗಿ ಯುಟಿಎಫ್-8 ಪಠ್ಯವನ್ನೇ ನಿರೀಕ್ಷಿಸುವುದರಿಂದ ಸರ್ವರಿನ ಡಬ್ಲ್ಯೂಎಸ್_ಫ್ರೇಮ್ ಆಯ್ಕೆಯನ್ನು ಬೈನರಿಗೆ ಬದಲಿಸಬೇಕು. ದಾರಿಯಲ್ಲಿ ಎಲ್ಲೋ ಒಂದು ಕಡೆ ಬೈಟುಗಳು ಪಠ್ಯವಾಗಿ ಹಾದುಹೋದರೂ ಚಿತ್ರ ಕೆಡುತ್ತದೆ, ಮತ್ತು ಕೆಟ್ಟದ್ದು ಕಣ್ಣಿಗೆ ಕಾಣುತ್ತದೆ. ಒಳ್ಳೆಯ ಜೆಪೆಗ್ 'ಎಫ್‌ಎಫ್ ಡಿ8 ಎಫ್‌ಎಫ್ ಇ0' ಎಂದು ಶುರುವಾಗಬೇಕು. ಕೆಟ್ಟದ್ದರಲ್ಲಿ ಆ ನಾಲ್ಕು ಬೈಟಿನ ಜಾಗದಲ್ಲಿ, ಪಠ್ಯವಾಗಲಾರದ ಬೈಟಿಗೆ ಬದಲಾಗಿ ಬರುವ ಗುರುತು 'ಇಎಫ್ ಬಿಎಫ್ ಬಿಡಿ' ನಾಲ್ಕು ಸಲ ಕೂತಿರುತ್ತದೆ. ಅದರ ಹಿಂದೆಯೇ ಜೆಎಫ್‌ಐಎಫ್ ಎಂಬ ನಾಲ್ಕು ಅಕ್ಷರ ಮಾತ್ರ ಏನೂ ಆಗದವರಂತೆ ಉಳಿದಿರುತ್ತವೆ. ಇಂಥದ್ದನ್ನು ಚಿತ್ರ ಓದುವ ಲೈಬ್ರರಿಯಾದ ಓಪನ್‌ಸಿವಿಗೆ ಕೊಟ್ಟರೆ ಇಮ್‌ಡೀಕೋಡ್ ಬೈಯುವುದೂ ಇಲ್ಲ, ನನ್ (ಏನೂ ಇಲ್ಲ) ಎಂದು ಹಿಂತಿರುಗಿಸುತ್ತದೆ. ಪೈಥಾನಿನಲ್ಲಿ ಬಂದ ಸಂದೇಶದ ಮೊದಲ 16 ಬೈಟನ್ನು ಹೆಕ್ಸಿನಲ್ಲಿ ಮುದ್ರಿಸುವ ಒಂದು ಸಾಲು ಅರ್ಧ ದಿನ ಉಳಿಸುತ್ತದೆ.

ಇಷ್ಟಾದ ಮೇಲೆ ಚಿತ್ರ ಬರತೊಡಗಿತು. ಬೀಸಿದ ಕೈ ಕೂಡಲೇ ಕಂಡಿತು. ಹತ್ತು ನಿಮಿಷದ ನಂತರ ಮತ್ತೆ ಬೀಸಿದರೆ ಕೈ ಇಲ್ಲ.

ಲೆಕ್ಕ ಸರಳ. ಬ್ರೌಸರ್ ಸೆಕೆಂಡಿಗೆ 5 ಫ್ರೇಮು ಕಳಿಸುತ್ತದೆ, ಮುಖ ಹುಡುಕಲು ಒಂದಕ್ಕೆ 300 ಮಿಲಿಸೆಕೆಂಡು. ಒಂದು ಗಂಟೆಯಲ್ಲಿ ಬಂದದ್ದು 18,000, ತೀರಿದ್ದು 12,000. ಉಳಿದ 6,000 ತೀರಲು ಇನ್ನೂ ಅರ್ಧ ಗಂಟೆ ಬೇಕು. ಅಂದರೆ ಈಗ ಬೀಸಿದ ಕೈ ಪರದೆಗೆ ಬರುವುದು ಅರ್ಧ ಗಂಟೆಯ ಮೇಲೆ. ಜತೆಗೆ 300 ಎಂಬಿ ಹೊರೆ. ಕ್ಯೂ ಇರುವುದೇ ಏನನ್ನೂ ಕಳೆಯದೆ ಕಾಪಾಡಲಿಕ್ಕೆ. ಬ್ಯಾಂಕಿನ ವ್ಯವಹಾರಕ್ಕೆ ಅದು ಬೇಕು, ಕ್ಯಾಮೆರಾದ ಫ್ರೇಮಿಗೆ ಬೇಡ. ಫ್ರೇಮು ಬೇಸಿಗೆಯ ಅನ್ನದ ಹಾಗೆ, ಇಟ್ಟಷ್ಟೂ ಹಳಸುತ್ತದೆ.

ಹಾಗಾಗಿ ಕ್ಯೂಗೆ ಎಕ್ಸ್-ಮ್ಯಾಕ್ಸ್-ಲೆಂಗ್ತ್ 1 (ಒಂದೇ ಸಂದೇಶದ ಮಿತಿ) ಎಂದು ಹಾಕುವುದು. ಡೀಫಾಲ್ಟಾಗಿ ತಲೆಯ ಕಡೆಯ ಹಳೆಯ ಸಂದೇಶವೇ ಬೀಳುತ್ತದೆ, ನಮಗೆ ಬೇಕಾದದ್ದೂ ಅದೇ. ಇರುವ ಕ್ಯೂವನ್ನೇ ಹೊಸ ಆರ್ಗ್ಯುಮೆಂಟಿನೊಡನೆ ಘೋಷಿಸಿದರೆ 406 ದೋಷ ಬರುತ್ತದೆ. ಅಳಿಸಿ ಹೊಸದಾಗಿ ಮಾಡಬೇಕು. ಆದರೆ ಇಷ್ಟು ಮಾಡಿದರೂ ಕೈ ತಡವಾಗಿಯೇ ಬರುತ್ತದೆ, ಹೆಚ್ಚಿನವರು ಸೋಲುವುದು ಇಲ್ಲಿಯೇ. ಮ್ಯಾನೇಜ್‌ಮೆಂಟ್ ಪುಟ ತೆರೆದು ನೋಡಿ: ರೆಡಿ ಎಂಬಲ್ಲಿ ಸೊನ್ನೆ, ಅನ್‌ಆ್ಯಕ್ಡ್ (ಕೊಟ್ಟಾಗಿದೆ, ಮುಗಿಯಿತೆಂಬ ಉತ್ತರವಾದ ಆ್ಯಕ್ ಬಂದಿಲ್ಲ) ಎಂಬಲ್ಲಿ ಸಾವಿರಗಟ್ಟಲೆ. ಮ್ಯಾಕ್ಸ್-ಲೆಂಗ್ತ್ ಎಣಿಸುವುದು ರೆಡಿ ಸಂದೇಶಗಳನ್ನು ಮಾತ್ರ. ಪ್ರೀಫೆಚ್ ಮಿತಿ (ಆ್ಯಕ್ ಬರುವ ಮೊದಲೇ ಎಷ್ಟು ಸಂದೇಶ ಕೊಡಬಹುದೆಂಬ ಮಿತಿ) ಇಲ್ಲದಿದ್ದರೆ ಬ್ರೋಕರು ಬಂದದ್ದನ್ನೆಲ್ಲ ಪೈಥಾನಿನ ಮಡಿಲಿಗೆ ಸುರಿದು ತಾನು ಕೈ ತೊಳೆದುಕೊಳ್ಳುತ್ತದೆ. ಆಟೊ-ಆ್ಯಕ್ (ಕೊಟ್ಟ ಕೂಡಲೇ ಮುಗಿಯಿತೆಂದು ಎಣಿಸುವುದು) ಇಟ್ಟರಂತೂ ಅನ್‌ಆ್ಯಕ್ಡ್ ಕೂಡ ಸೊನ್ನೆ ಕಾಣುತ್ತದೆ, ತಡ ಮಾತ್ರ ಬಫರುಗಳಲ್ಲಿ ಅಡಗಿ ಕೂತಿರುತ್ತದೆ. ಬ್ರೋಕರಿನೊಡನೆ ಮಾತಾಡುವ ಪೈಥಾನ್ ಲೈಬ್ರರಿಯಾದ ಪೀಕಾದಲ್ಲಿ ಬೇಸಿಕ್_ಕ್ಯೂಒಎಸ್‌ಗೆ ಪ್ರೀಫೆಚ್_ಕೌಂಟ್ 1 ಕೊಟ್ಟು, ಆಟೊ-ಆ್ಯಕ್ ತೆಗೆದು, ಮುಖ ಹುಡುಕಿದ ಮೇಲೆ ಕೈಯಾರೆ ಆ್ಯಕ್ ಮಾಡಿದಾಗ ಮಾತ್ರ ಆ 1ಕ್ಕೆ ಅರ್ಥ.

ಇದೇ ರೋಗ ಬ್ರೌಸರಿನಲ್ಲೂ ಇದೆ. ಸೆಕೆಂಡಿಗೆ 50 ಕೆಬಿಯ 5 ಫ್ರೇಮೆಂದರೆ 2 ಎಂಬಿಪಿಎಸ್ ಅಪ್‌ಲೋಡು. ಫೋನಿನ ಸಿಗ್ನಲ್ ಅಷ್ಟು ಎಳೆಯದಿದ್ದರೆ ಉಳಿದದ್ದು ಸಾಕೆಟ್ಟಿನ ಒಳಗೇ ಗುಡ್ಡೆ ಬೀಳುತ್ತದೆ, ದೋಷವೆಂದು ಯಾರೂ ಹೇಳುವುದಿಲ್ಲ. ಪ್ರತಿ ಫ್ರೇಮಿಗೆ ಮುನ್ನ, ಸಾಕೆಟ್ಟಿನಲ್ಲಿ ಇನ್ನೂ ಹೋಗದೆ ಉಳಿದ ಬೈಟು ತೋರಿಸುವ ಬಫರ್ಡ್‌ಅಮೌಂಟ್ ನೋಡಿ, ಸೊನ್ನೆಯಿಲ್ಲದಿದ್ದರೆ ಆ ಫ್ರೇಮನ್ನು ತೆಗೆಯುವುದೇ ಬೇಡ. ಸೆಟ್‌ಇಂಟರ್ವಲ್ ಬೇಡ, ಒಂದು ಕಳಿಸಿಯಾದ ಮೇಲೆ ಮುಂದಿನದಕ್ಕೆ ಸೆಟ್‌ಟೈಮ್‌ಔಟ್. ಟ್ಯಾಬು ಹಿಂದೆ ಸರಿದರೆ ಬ್ರೌಸರ್ ಟೈಮರನ್ನು ಸೆಕೆಂಡಿಗೊಮ್ಮೆಗೆ ಇಳಿಸುತ್ತದೆ, ಅದಕ್ಕೆ ಗಾಬರಿ ಬೇಡ.

ತಡ ಎಷ್ಟೆಂದು ಅಳೆಯಲು ಹೆಡರಿನಲ್ಲಿ ಚಿತ್ರ ತೆಗೆದ ಸಮಯ ಹಾಕಿ, ಪೈಥಾನಿನಲ್ಲಿ ಈಗಿನ ಸಮಯದಿಂದ ಕಳೆಯುವುದು ವಾಡಿಕೆ. ಫೋನಿನ ಗಡಿಯಾರ ಮುಂದಿದ್ದರೆ ಫ್ರೇಮಿನ ವಯಸ್ಸು ಮೈನಸ್ಸಿನಲ್ಲಿ ಬರುತ್ತದೆ, ಚಿತ್ರ ಹುಟ್ಟುವ ಮೊದಲೇ ತಲುಪಿದಂತೆ. ಮೊದಲ ಫ್ರೇಮಿನ ವ್ಯತ್ಯಾಸವನ್ನು ಹಿಡಿದಿಟ್ಟುಕೊಂಡು ಉಳಿದವುಗಳಿಂದ ಅದನ್ನು ಕಳೆಯಿರಿ. ಆ ಅಂಕಿ ನಿಮಿಷ ನಿಮಿಷಕ್ಕೂ ಏರುತ್ತಿದ್ದರೆ ಇನ್ನೂ ಎಲ್ಲೋ ಒಂದು ಬಫರು ತುಂಬುತ್ತಿದೆ.