ಸೇಬಿನ ಮೇಲೆ ಕಂದು ಗುಳಿ ಬಿದ್ದಾಗ

ಮೊದಲು ಚಾಕುವಿನಿಂದ ಸಿಪ್ಪೆ ಹೆರೆದು ನೋಡಿ. ಗುಳಿಗಳು ತೊಟ್ಟಿನ ಎದುರು ತುದಿಯಲ್ಲಿ ಗುಂಪಾಗಿದ್ದು, ಒಳಗೆ ಒಣ ಬೆಂಡಿನಂಥ ಕಂದು ತಿರುಳಿದ್ದರೆ ಅದು ಬಿಟರ್ ಪಿಟ್. ತೊಟ್ಟಿನ ಕಡೆ, ಸಿಪ್ಪೆಗೇ ಅಂಟಿದಂತೆ ಬೆಂಡು ಕಂಡರೆ ಹೆಚ್ಚಾಗಿ ಕಾಯಿಯ ರಸ ಹೀರುವ ತಿಗಣೆಯ ಕೆಲಸ.

ಬಿಟರ್ ಪಿಟ್‌ಗೆ ಶಿಲೀಂಧ್ರನಾಶಕ ಹೊಡೆಯುವುದು ದುಡ್ಡು ದಂಡ. ಹಣ್ಣಿಗೆ ಕ್ಯಾಲ್ಸಿಯಂ ಸಾಲದ್ದೇ ಕಾರಣ. ಮಣ್ಣಿನಲ್ಲಿ ಬೇಕಾದಷ್ಟಿದ್ದರೂ, ಯೂರಿಯಾ ಹೆಚ್ಚಾಗಿ ಚಿಗುರು ನುಗ್ಗಿದರೆ ಎಲೆಗಳೇ ಅದನ್ನು ಎಳೆದುಕೊಳ್ಳುತ್ತವೆ. ಫಸಲು ಕಮ್ಮಿಯಾಗಿ ಹಣ್ಣು ದಪ್ಪವಾದ ವರ್ಷ ಕಾಟ ಜಾಸ್ತಿ.

ಎಳೆಗಾಯಿಯಿಂದಲೇ ಎರಡು ಮೂರು ವಾರಕ್ಕೊಮ್ಮೆ, ಲೀಟರ್ ನೀರಿಗೆ 4 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿ ಸಿಂಪಡಿಸಿ. ಅದು ಎಲೆಯಿಂದ ಹಣ್ಣಿಗೆ ಹರಿಯದು, ಕಾಯಿಯೇ ನೆನೆಯಬೇಕು. ಉರಿಬಿಸಿಲಲ್ಲಿ ಬೇಡ, ಎಲೆಯಂಚು ಸುಡುತ್ತದೆ. ಕೋಲ್ಡ್ ಸ್ಟೋರೇಜ್ ಸೇರಿದ ಮೇಲೂ ಗುಳಿ ಮೂಡುವುದರಿಂದ, ಸಂಶಯದ ಮರದ ಹಣ್ಣನ್ನು ಬೇಗ ಮಾರಿಬಿಡಿ.